ಜೂನಿಯರ್ ವಜ್ರಕಾಂತನ ಮುಖ

ಸತ್ತು ಎದ್ದುಬಂದ ಲಾಜರನ ಮೇಲೆ ಪಾದ್ರಿ ಅಯ್ಯನವರು ಪ್ರಸಂಗ ಮಾಡಿದ ಮರುವಾರ, ನಮ್ಮ ಚರ್ಚಿನಲ್ಲಿ ಕೆಳಗಿನ ಕೇರಿಯವರಾದ ನಮ್ಮ ಬೆಂಚುಗಳನ್ನು ಎತ್ತಿ ಕಂಬಗಳ ಹಿಂದೆ ಹಾಕಿದರು. ಅಲ್ಲಿಂದ ಗೋಡೆ ಕಾಣುವುದಿಲ್ಲ.

ಗೋಡೆ ಕಾಣದಿದ್ದರೆ ಏನಾಯಿತು ಎಂದು ಬೇರೆ ಊರಿನವರು ಕೇಳಬಹುದು. ನಮ್ಮ ಊರಿನಲ್ಲಿ ಬಲಿಪೀಠದ ಹಿಂದಿನ ಸುಣ್ಣದ ಗೋಡೆ ಕಾಣದವನು ಚರ್ಚಿಗೆ ಬಂದೂ ಬಾರದವನೇ. ಅಯ್ಯನವರು ಪ್ರಸಂಗ ಶುರು ಮಾಡಿದ ಕೂಡಲೇ, ಕೂತವರ ಮನಸ್ಸಿನಲ್ಲಿ ಏನು ಮೂಡುತ್ತದೋ ಅದೇ ಆ ಗೋಡೆಯ ಮೇಲೂ ಮೂಡುತ್ತದೆ. ನೋಡುವ ಕಣ್ಣು ತೆರೆದಿರಬೇಕು, ಗೋಡೆ ಎದುರಿಗಿರಬೇಕು, ಅಷ್ಟೇ. ಕಣ್ಣು ಮುಚ್ಚಿದವನ ಮನಸ್ಸಿನದು ಅಲ್ಲಿ ಮೂಡುವುದಿಲ್ಲ. ನೋಹನ ಹಡಗು ಎಂದರೆ ಹಡಗು ಬರುತ್ತದೆ. ಆದರೆ ಹಡಗು ನೋಡಿದವರು ನಮ್ಮಲ್ಲಿ ಯಾರೂ ಇಲ್ಲದ್ದರಿಂದ ನಮ್ಮ ನೋಹನ ಹಡಗಿಗೆ ಮುಂದೆ ಬಸ್ಸಿನ ಗಾಜು, ಹಿಂದೆ ಟಾಪಿಗೆ ಹತ್ತುವ ಏಣಿ, ಬಾಗಿಲಲ್ಲಿ ಜೋತುಬಿದ್ದು ಸೀಟಿ ಊದುವ ಕಂಡಕ್ಟರು. ಪ್ರಸಂಗ ಉದ್ದವಾದರೆ ಅಪೊಸ್ತಲರ ನಡುವೆ ಕೋಳಿ ಸಾರು ಕುದಿಯತೊಡಗುತ್ತದೆ. ಅದಕ್ಕೇ ಮೇಲಿನ ಬೀದಿಯ ತಾಯಂದಿರು ಮಕ್ಕಳಿಗೆ ಹೊಟ್ಟೆ ಬಿರಿಯುವಷ್ಟು ತಿನ್ನಿಸಿ ಕರೆತರುತ್ತಾರೆ. ಆ ವಾರ ಜಗಳವಾಡಿಕೊಂಡ ಅತ್ತೆ ಸೊಸೆಯರು ಚರ್ಚಿನ ಕಡೆ ತಲೆ ಹಾಕುವುದಿಲ್ಲ. ಪ್ರಸಂಗದಲ್ಲಿ ಶತ್ರುವಿನ ವಿಷಯ ಬಂದರೆ ಒಬ್ಬರ ಮುಖ ಗೋಡೆ ಹತ್ತಿ ಮಾನ ಹೋಗುತ್ತದೆ. ಹಿಂದೆ ಇದ್ದ ಒಬ್ಬ ಅಯ್ಯನವರು ತಾವಾಗಿಯೇ ವರ್ಗ ಕೇಳಿಕೊಂಡು ಹೋದರು. ಅವರು ಯಾವ ವಾಕ್ಯದ ಮೇಲೆ ಮಾತಾಡಿದರೂ ಗೋಡೆಯ ಮೇಲೆ ಬರೀ ಗಡಿಯಾರ ಮೂಡುತ್ತಿತ್ತು.

ಇದಲ್ಲದೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಯಾರಾದರೂ ತೀರಿಕೊಂಡರೆ ಮುಂದಿನ ಭಾನುವಾರ ಪ್ರಸಂಗದ ನಡುವೆ ಅಯ್ಯನವರು ಸತ್ತವರ ಹೆಸರು ಹೇಳಿ ಸುಮ್ಮನಾಗುತ್ತಾರೆ. ಸಭೆಯೆಲ್ಲ ನೆನೆಸಿಕೊಳ್ಳುತ್ತದೆ. ಒಬ್ಬಳಿಗೆ ಮೂಗು ನೆನಪು, ಇನ್ನೊಬ್ಬನಿಗೆ ಹುಬ್ಬಿನ ಗಾಯ, ಮತ್ತೊಬ್ಬರಿಗೆ ನಗುವಾಗ ಕಣ್ಣು ಕಿರಿದಾಗುತ್ತಿದ್ದ ರೀತಿ. ಎಲ್ಲ ಕೂಡಿ ಮುಖ ಪೂರ್ತಿಯಾಗಿ ಬರುತ್ತದೆ. ಯಾರ ನೆನಪೂ ಒಂಟಿಯಾಗಿ ಒಂದು ಮುಖಕ್ಕೆ ಸಾಲದು, ಹೆತ್ತವಳ ನೆನಪು ಕೂಡ. ಮನೆಯವರು ಎದ್ದು ನಿಂತು ಕಣ್ತುಂಬ ನೋಡುತ್ತಾರೆ. ಮುಖ ಕಾಣುವ ಭಾನುವಾರ ಎನ್ನುತ್ತೇವೆ ಅದಕ್ಕೆ. ಆಮೇಲೆ ಅಳು ಹಗುರಾಗುತ್ತದೆ. ನನ್ನ ತಮ್ಮನಿಗೆ ಮಾತ್ರ ಈ ಭಾನುವಾರ ಕೊಡಲಿಲ್ಲ.

ನನ್ನ ತಮ್ಮನಿಗೆ ಮೂರು ಹೆಸರು. ದೀಕ್ಷಾಸ್ನಾನದಲ್ಲಿ ಇಟ್ಟದ್ದು ತಿಮೊಥೆಯ. ಕೇರಿಯಲ್ಲಿ ಕರೆಯುತ್ತಿದ್ದದ್ದು ತಿಮ್ಮ. ಆರ್ಕೆಸ್ಟ್ರಾದವರು ಬ್ಯಾನರಿನಲ್ಲಿ ಹಾಕುತ್ತಿದ್ದದ್ದು ಜೂನಿಯರ್ ವಜ್ರಕಾಂತ. ಸಿನಿಮಾದ ವಜ್ರಕಾಂತನನ್ನು ಮತ್ತು ನನ್ನ ತಮ್ಮನನ್ನು ಒಂದೇ ಅಚ್ಚಿನಲ್ಲಿ ಒತ್ತಿ, ಒಬ್ಬನನ್ನು ಬಣ್ಣದಲ್ಲಿ ಅದ್ದಿ ಇನ್ನೊಬ್ಬನನ್ನು ಬಿಸಿಲಿಗೆ ಇಟ್ಟಂತೆ ಇತ್ತು. ಹಗಲು ಟೈಲ್ಸ್ ಹಾಕುವ ಕೆಲಸ. ಸಂಜೆ ಯಾರದಾದರೂ ಮದುವೆ, ಯಾವುದಾದರೂ ಸಂಘದ ವಾರ್ಷಿಕೋತ್ಸವ ಇದ್ದರೆ ವಿಗ್ಗು, ಕಪ್ಪು ಕನ್ನಡಕ, ಮಿಂಚುವ ಕೋಟು ಹಾಕಿಕೊಂಡು ಸ್ಟೇಜು ಹತ್ತುತ್ತಿದ್ದ. ಮೇಕಪ್ಪಿಗೂ ಮುಚ್ಚದ ಭೇದ ಒಂದೇ. ತಿಮ್ಮನಿಗೆ ಮುಂದೆ ಹಲ್ಲಿನ ಮೇಲೆ ಹಲ್ಲು. ಅದಕ್ಕೆ ಸ್ಟೇಜಿನ ಮೇಲೆ ಬಾಯಿ ಮುಚ್ಚಿಯೇ ನಗುವುದನ್ನು ಕಲಿತಿದ್ದ. ಮನೆಯಲ್ಲಿ ಮಾತ್ರ ಬಾಯಿ ತೆರೆದು ನಗುತ್ತಿದ್ದ, ಅದೂ ಅಂಗೈ ಅಡ್ಡ ಹಿಡಿದು. ನಾನು ಕೈಗೆ ಹೊಡೆದು, "ತೆಗಿಯೋ, ನಿನ್ನ ಹಲ್ಲು ಯಾರೂ ಕದಿಯಾಕಿಲ್ಲ," ಅನ್ನುತ್ತಿದ್ದೆ.

ನನ್ನ ಕೆಲಸ ಟಾಕೀಸಿನ ಮುಂದೆ ಬೇಯಿಸಿದ ಕಡಲೇಕಾಯಿ ಮಾರುವುದು. ಸಲೋಮಿ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ಕಡಲೇಕಾಯಿ ಸಲೋಮಕ್ಕ ಎನ್ನಬೇಕು.

ಸುಕೀರ್ತಿ ಅಯ್ಯನವರು ನಮ್ಮ ಊರಿಗೆ ಬಂದಾಗ ಚರ್ಚಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ನರೆತವರು. ಅಯ್ಯನವರದು ಹರೆಯದ ವಯಸ್ಸು, ಕೈಯಲ್ಲಿ ಗಿಟಾರು. ಬಂದ ಹೊಸದರಲ್ಲೇ ಯೌವನಸ್ಥರ ಭಾನುವಾರ ಎಂದು ಒಂದನ್ನು ಮಾಡಿದರು. "ವಜ್ರಕಾಂತನ ಹೊಸ ಪಿಕ್ಚರ್ ಯಾರ್ಯಾರು ನೋಡಿದೀರಿ, ಕೈ ಎತ್ತಿ. ಸುಳ್ಳು ಹೇಳ್ಬೇಡಿ, ಗೋಡೆ ಹೇಳ್ಬಿಡುತ್ತೆ!" ಎಂದರು. ಸಭೆ ನಕ್ಕಿತು. ಆ ಸಿನಿಮಾದಲ್ಲಿ ನಾಯಕ ಗೆಳೆಯರಿಗಾಗಿ ಹೊಳೆಗೆ ಇಳಿಯುವ ಕಥೆಯಿಂದ ಶುರು ಮಾಡಿ, ಬಿರುಗಾಳಿಯಲ್ಲಿ ಕೆರೆಯ ಮೇಲೆ ನಡೆದು ಬಂದ ಯೇಸುವಿನವರೆಗೆ ಮಾತು ತಂದರು. ಗೋಡೆಯ ಮೇಲೆ ಅಲೆಗಳೆದ್ದವು. ಅಲೆಗಳ ಮೇಲೆ ಒಬ್ಬ ನಿಧಾನವಾಗಿ, ನಿಧಾನವಾಗಿ ನಡೆದು ಬಂದ. ಕೂದಲು ಹಾರುತ್ತಿತ್ತು, ಬಿಳಿ ಕೋಟು ಹಾರುತ್ತಿತ್ತು, ಬೆನ್ನ ಹಿಂದೆ ಬೆಂಕಿ, ಕಣ್ಣಿಗೆ ಕಪ್ಪು ಕನ್ನಡಕ. ಮೇಲಿನ ಬೀದಿಯ ಹುಡುಗರು ಸೀಟಿ ಹೊಡೆದರು. ಸಭಾ ಕಮಿಟಿಯ ಹಿರಿಯರಾದ ಪರಂಜ್ಯೋತಿ ಮೇಷ್ಟ್ರು ಮೊದಲು ಹುಬ್ಬು ಗಂಟು ಹಾಕಿದರು. ಎಷ್ಟೋ ಕಾಲದಿಂದ ಚರ್ಚಿನ ಮೆಟ್ಟಿಲು ತುಳಿಯದ ತಮ್ಮ ಮೊಮ್ಮಕ್ಕಳು ಮುಂದಿನ ಸಾಲಿನಲ್ಲಿ ಕುಣಿಯುವುದನ್ನು ನೋಡಿದ ಮೇಲೆ ಕರ್ಚೀಫು ತೆಗೆದು ಕಣ್ಣೊರೆಸಿಕೊಂಡು, "ಕಾಲಕ್ಕೆ ತಕ್ಕ ಸೇವೆ," ಎಂದರು.

ನನ್ನ ಪಕ್ಕದಲ್ಲಿ ಕೂತಿದ್ದ ತಿಮ್ಮ ಮೊಣಕೈಯಲ್ಲಿ ತಿವಿದ. "ಅಕ್ಕ, ಆ ನಡಿಗೆ ನೋಡುದ್ಯಾ? ಅದು ನಂದು ಕಣೆ. ಈ ಊರಿನವರು ವಜ್ರಕಾಂತ ನಡೆಯೋದನ್ನ ಎದುರಿಗೆಲ್ಲಿ ನೋಡವ್ರೆ? ನನ್ನೇ ಅಲ್ವಾ ನೋಡಿರೋದು?"

"ಥೂ, ಸುಮ್ಕಿರು. ನಿನ್ನ ನಡಿಗೆ ಕೊಟ್ಟು ಸ್ವಾಮಿನ ಮುಳುಗಿಸಿಬಿಟ್ಟೀಯ," ಎಂದೆ. ಅವನು ನಕ್ಕ, ಅಂಗೈ ಅಡ್ಡ ಹಿಡಿದು.

ವಜ್ರಕಾಂತನ ಮುಂದಿನ ಸಿನಿಮಾ ಬಂದ ದಿನ ಟಾಕೀಸಿನ ಮುಂದೆ ಮಹಡಿ ಎತ್ತರದ ಕಟೌಟು ನಿಲ್ಲಿಸಿದರು. ಅಭಿಮಾನಿ ಸಂಘದವರು ತಿಮ್ಮನಿಗೆ ಕೋಟು ತೊಡಿಸಿ ಬಿದಿರಿನ ಅಟ್ಟಣೆ ಹತ್ತಿಸಿದರು. ಜೂನಿಯರೇ ಸೀನಿಯರಿಗೆ ಹಾಲೆರೆದರೆ ಪೇಪರಿನಲ್ಲಿ ಬರುತ್ತದೆ ಎಂದರು. ಕೊಡವನ್ನು ತಲೆಯ ಮೇಲಕ್ಕೆ ಎತ್ತಿದಾಗ ಅಟ್ಟಣೆಯ ಹಗ್ಗ ಬಿಚ್ಚಿಕೊಂಡಿತು. ನಾನು ಎದುರಿಗೇ ಕೂತಿದ್ದೆ. ತಕ್ಕಡಿಯಲ್ಲಿ ಯಾರಿಗೋ ಕಡಲೇಕಾಯಿ ಹಾಕುತ್ತಿದ್ದೆ. ಜನ ಕೂಗಿದ್ದು ಸಂತೋಷಕ್ಕೆ ಎಂದುಕೊಂಡೆ.

ಮಣ್ಣಿಗೆ ಇಳಿಸುವಾಗ ಅಯ್ಯನವರು ನಾಲೆಯ ಪಕ್ಕದ ನಮ್ಮ ಸಮಾಧಿ ನೆಲಕ್ಕೆ ಬಂದು ಪ್ರಾರ್ಥನೆ ಮಾಡಿದರು, ಅತ್ತರು ಕೂಡ. ಮುಖ ಕಾಣುವ ಭಾನುವಾರ ಯಾವಾಗ ಎಂದು ಕೇಳಿದಾಗ ನೆಲ ನೋಡಿದರು. ಸಭಾ ಕಮಿಟಿ ಕೂಡಿ ಆಗಿತ್ತು. ವಿಗ್ರಹಕ್ಕೆ ಹಾಲೆರೆಯುತ್ತ ಸತ್ತವನ ಹೆಸರು ಬಲಿಪೀಠದ ಹತ್ತಿರ ಬರಕೂಡದು ಎಂದು ಪರಂಜ್ಯೋತಿ ಮೇಷ್ಟ್ರು ಹೇಳಿದ್ದರು. ಅದೇ ವಜ್ರಕಾಂತ! ಅವರ ಮೊಮ್ಮಕ್ಕಳ ತಲೆಯಿಂದ ಹೊರಟು ಕೆರೆಯ ಮೇಲೆ ನಡೆದಾಗ ಸೇವೆ. ನನ್ನ ತಮ್ಮ ಅವನಿಗಾಗಿ ಬಿದಿರು ಹತ್ತಿದಾಗ ವಿಗ್ರಹ.

ಅಭಿಮಾನಿ ಸಂಘದವರು ಬಸ್ ಸ್ಟ್ಯಾಂಡಿನಲ್ಲಿ ಕಣ್ಣೀರಿನ ಶ್ರದ್ಧಾಂಜಲಿ ಎಂದು ದೊಡ್ಡ ಫ್ಲೆಕ್ಸ್ ಹಾಕಿಸಿದರು. ನಾನು ನೋಡಲು ಹೋದೆ. ಫ್ಲೆಕ್ಸ್ ಅಂಗಡಿಯವನು ಕಂಪ್ಯೂಟರಿನಲ್ಲಿ ವಜ್ರಕಾಂತ ಎಂದು ಹುಡುಕಿ, ಸಿಕ್ಕ ಫೋಟೋ ಹಾಕಿದ್ದ. ಸಾಲು ಹಲ್ಲು ಬಿಟ್ಟು ನಗುತ್ತಿದ್ದ ನಿಜವಾದ ವಜ್ರಕಾಂತನ ಕೆಳಗೆ ನನ್ನ ತಮ್ಮನ ಹುಟ್ಟು ಸಾವಿನ ತಾರೀಕು. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಊರಿನ ಅಭಿಮಾನಿಗಳು ಬಂದು, ಬದುಕಿರುವ ದೇವರಿಗೆ ಶ್ರದ್ಧಾಂಜಲಿ ಹಾಕಿದವನು ಯಾರು ಎಂದು ಗಲಾಟೆ ಮಾಡಿ ಅದನ್ನು ಹರಿದು ಹಾಕಿದರು.

ಮನೆಯಲ್ಲಿರುವ ಫೋಟೋಗಳಲ್ಲೆಲ್ಲ ವಿಗ್ಗು, ಕನ್ನಡಕ, ಮುಚ್ಚಿದ ಬಾಯಿ. ತಿಮ್ಮನ ಫೋಟೋ ಎಂಬುದು ಒಂದೂ ಇಲ್ಲ. ಮೊದಮೊದಲು ನನಗೆ ಅದರ ಚಿಂತೆ ಇರಲಿಲ್ಲ. ನಾನು ಎತ್ತಿ ಆಡಿಸಿದ ಮುಖ ಎಲ್ಲಿಗೆ ಹೋಗುತ್ತದೆ? ಆದರೆ ಟಾಕೀಸಿನ ಮುಂದೆ ದಿನವಿಡೀ ಪೋಸ್ಟರುಗಳ ಕೆಳಗೆ ಕೂರುವವಳು ನಾನು. ಗೋಡೆಯ ಮೇಲೆ ಅವನು, ಆಟೋದ ಬೆನ್ನ ಮೇಲೆ ಅವನು, ಕಡಲೇಕಾಯಿ ಕಟ್ಟಿಕೊಡುವ ಪೇಪರಿನಲ್ಲೂ ಅವನು. ಒಂದು ದಿನ ತಿಮ್ಮನನ್ನು ನೆನೆದು ಕಣ್ಣು ಮುಚ್ಚಿದರೆ ವಜ್ರಕಾಂತ ಬಂದ. ಇನ್ನೊಂದು ದಿನವೂ ಅವನೇ ಬಂದ. ಕನ್ನಡಕ ತೆಗೆ ಎಂದರೆ ತೆಗೆಯುತ್ತಿದ್ದ. ಒಳಗಿನ ಕಣ್ಣು ಸಿನಿಮಾದವು. ನಗು ಎಂದರೆ ನಗುತ್ತಿದ್ದ, ಹಲ್ಲು ಸಾಲಾಗಿದ್ದವು. ಸತ್ತವರು ಮಣ್ಣಿಗೆ ಹೋಗುತ್ತಾರೆ, ಅದು ಗೊತ್ತು. ನನ್ನ ತಮ್ಮ ಪೋಸ್ಟರಿಗೆ ಹೋಗುತ್ತಿದ್ದ. ಗೋಡೆ ಒಂದೇ ಅವನನ್ನು ವಾಪಸು ತರಬಲ್ಲದ್ದು. ನಾನು ಮರೆತ ಕಣ್ಣು ನಮ್ಮ ಕೇರಿಯ ಎಸ್ತೇರಜ್ಜಿಗೆ ನೆನಪಿರುತ್ತದೆ, ಅಜ್ಜಿ ಮರೆತ ಕಿವಿ ಅವನ ಜೊತೆ ಟೈಲ್ಸ್ ಹಾಕುತ್ತಿದ್ದವರಿಗೆ ನೆನಪಿರುತ್ತದೆ. ಎಲ್ಲರೂ ಸೇರಿ ಒಂದೇ ಒಂದು ಸಲ ಅವನನ್ನು ಕರೆದರೆ ಸಾಕು, ನಾನು ನೋಡಿಟ್ಟುಕೊಳ್ಳುತ್ತೇನೆ ಎಂದು ಜಪಿಸುತ್ತಿದ್ದೆ.

ಲಾಜರನ ಭಾನುವಾರ ಯಾರೂ ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಬರಲಿಲ್ಲ. ಅಯ್ಯನವರು ಅಂದು ಸಿನಿಮಾದ ಮಾತೇ ತೆಗೆಯದೆ ನೇರವಾಗಿ ಕಥೆಗೆ ಇಳಿದರು. ತಮ್ಮ ಲಾಜರ ಸತ್ತು ಹೋಗಿದ್ದಾನೆ, ಬರಬೇಕಾದ ಯೇಸು ತಡಮಾಡಿ ಬರುತ್ತಿದ್ದಾನೆ, ಅಕ್ಕ ಮನೆಯಲ್ಲಿ ಕೂರಲಾರದೆ ದಾರಿಗೆ ಬಂದು ಅಡ್ಡ ನಿಂತಿದ್ದಾಳೆ, ಈಗ ಬಂದೆಯಾ ಎನ್ನುತ್ತಿದ್ದಾಳೆ. ಗೋಡೆಯ ಮೇಲೆ ಲಾಜರನ ಸಮಾಧಿಯ ಗವಿಯಾಗಿ ನಮ್ಮ ಊರಿನ ಕಲ್ಲುಗಣಿಯ ಬಾಯಿ ಕಾಣಿಸಿತು. ಬಂಡೆ ಸರಿಯಿತು. ಬಟ್ಟೆ ಸುತ್ತಿದ ಒಬ್ಬ ತಡವರಿಸಿಕೊಂಡು ಹೊರಗೆ ಬಂದ. ಬಟ್ಟೆ ಜಾರಿತು. ಒಳಗೆ ಸಿಮೆಂಟು ಮೆತ್ತಿದ ಹರಕು ಬನಿಯನ್ನು, ಬರಿಗಾಲು. ತಲೆ ಎತ್ತಿದ. ತಿಮ್ಮ.

ಎದ್ದು ನಿಂತೆ. ನಾನು ತಂದದ್ದು ಅರ್ಧ ಮುಖ. ಉಳಿದರ್ಧ ನನ್ನ ಹಿಂದುಮುಂದಿನ ಬೆಂಚುಗಳಿಂದ ಬರುತ್ತಿತ್ತು. ಎಸ್ತೇರಜ್ಜಿ "ಅಯ್ಯೋ ನನ್ನಪ್ಪಾ, ತಿಮ್ಮಾ!" ಎಂದಳು, ಅವನ ಕಣ್ಣಿಗೆ ಜೀವ ಬಂತು. ಯಾರೋ ಅಳುತ್ತ ಮೂಗು ಎಳೆದುಕೊಂಡರು, ಕಿವಿ ಸರಿಯಾಯಿತು. ಅವನು ನಮ್ಮನ್ನು ನೋಡಿ ನಕ್ಕ. ಅಂಗೈ ಬಾಯಿಯ ಹತ್ತಿರ ಹೋಯಿತು, ಅರ್ಧದಲ್ಲಿ ನಿಂತಿತು, ಕೆಳಗಿಳಿಯಿತು. ಹಲ್ಲಿನ ಮೇಲಿನ ಹಲ್ಲು ಕಂಡಿತು.

ಆಗ ಮೇಲಿನ ಬೀದಿಯ ಸಾಲುಗಳಿಂದ ಒಂದು ದನಿ: "ಏಯ್, ವಜ್ರಕಾಂತ ಕಣ್ರೋ! ಹರಕು ಬನಿಯನ್ನಲ್ಲಿ!"

ನಗು ಎದ್ದಿತು. ಹುಡುಗಿಯೊಬ್ಬಳು, "ಹಲ್ಲೇನಮ್ಮಾ ಹಂಗಿದೆ?" ಎಂದು ಕೇಳಿದಳು. ನಗುತ್ತಿದ್ದವರ ತಲೆಯೊಳಗಿನ ವಜ್ರಕಾಂತ ಗೋಡೆಯ ಮೇಲೆ ನುಗ್ಗಿ ಬಂದ. ನನ್ನ ಕಣ್ಣ ಮುಂದೆಯೇ ತಿಮ್ಮನ ಮುಖದ ಮೇಲೆ ಕಪ್ಪು ಕನ್ನಡಕ ಹತ್ತಿತು. ಬನಿಯನ್ನಿನ ಮೇಲೆ ಕೋಟು ಬಂತು. ಬಣ್ಣ ತಿಳಿಯಾಯಿತು. ಹಲ್ಲು ಸದ್ದಿಲ್ಲದೆ ಸಾಲಿಗೆ ಸೇರಿಕೊಂಡಿತು. ಬೇಡ, ಬೇಡ ಎಂದು ನಾನು ಕೂಗುತ್ತಿದ್ದೆನಂತೆ, ನನಗೆ ನೆನಪಿಲ್ಲ. ಪರಂಜ್ಯೋತಿ ಮೇಷ್ಟ್ರು ಎದ್ದು "ಪ್ರಸಂಗ ನಿಲ್ಲಿಸಿ!" ಎಂದು ಗುಡುಗಿದರು. ಅಯ್ಯನವರ ಬಾಯಿ ನಿಂತಿತು. ಗೋಡೆ ಬೆಳ್ಳಗಾಯಿತು.

ಆರಾಧನೆ ಅರ್ಧಕ್ಕೆ ಮುಗಿದು ಹೊರಗೆ ಬಂದಾಗ ಮೇಷ್ಟ್ರು ಬೇವಿನ ಮರದ ಕೆಳಗೆ ನಿಂತಿದ್ದರು. "ದೇವರ ಗೋಡೆ ಅದು. ಟಾಕೀಸಿನ ಗೋಡೆ ಅಲ್ಲ. ಯಾರದು ಆ ಕೊಳಕನ್ನ ತಂದದ್ದು?"

"ನಾನೇ ಮೇಷ್ಟ್ರೇ. ಅದು ಸಿನಿಮಾದವನಲ್ಲ, ನನ್ನ ತಮ್ಮ," ಎಂದೆ.

"ನಿನ್ನ ತಮ್ಮನೋ, ಸಿನಿಮಾದವನೋ. ಎರಡೂ ಒಂದೇ."

"ಒಂದೇ ಆದ್ರೆ ಯೌವನಸ್ಥರ ಭಾನುವಾರ ಯಾಕೆ ಕಾಲಕ್ಕೆ ತಕ್ಕ ಸೇವೆ ಅಂದ್ರಿ?"

"ಆವತ್ತು ಬಂದದ್ದು ಸುವಾರ್ತೆಗೋಸ್ಕರ. ಬಿಳಿ ಕೋಟು ಹಾಕಿದ್ದ. ನೋಡೋ ಹಾಗಿದ್ದ. ಇದು…" ಎಂದು ಅವರು ಅಲ್ಲಿಗೇ ನಿಲ್ಲಿಸಿದರು. ಮುಂದಿನ ಮಾತು ನುಂಗಿದ್ದು ಸಭ್ಯತೆಯಿಂದ ಎಂದು ಅವರು ತಿಳಿದಿರಬೇಕು. ನಮಗೆ ಆ ಮಾತು ಹೇಳದೆಯೂ ಗೊತ್ತು, ತಲೆತಲಾಂತರದಿಂದ ಗೊತ್ತು.

ಮರುವಾರ ನಾವು ಹೋಗುವಷ್ಟರಲ್ಲಿ ಬೆಂಚುಗಳು ಕಂಬಗಳ ಹಿಂದೆ ಇದ್ದವು. ಚರ್ಚಿನ ಕಂಬಗಳು ಇಬ್ಬರು ತೋಳು ಚಾಚಿ ತಬ್ಬಿದರೂ ಸಿಗದಷ್ಟು ದಪ್ಪ. ನಾವು ಅಲ್ಲಿಯೇ ಕೂತೆವು. ಎಸ್ತೇರಜ್ಜಿ ಕಂಬಕ್ಕೆ ಬೆನ್ನು ಒರಗಿಸಿ, "ತಂಪಾಗಿ ಅದೆ ಬುಡವ್ವ. ಇನ್ನು ಪ್ರಸಂಗದ ಮಧ್ಯೆ ಮುದ್ದೆ ನೆಪ್ಪಾದ್ರೂ ಮಾನ ಹೋಗಾಕಿಲ್ಲ," ಎಂದಳು. ಒಂದಿಬ್ಬರು ನಕ್ಕರು. ಕೇರಿಯ ಹುಡುಗರು ಕಂಬದ ಮರೆಯಲ್ಲಿ ಫೋನು ನೋಡುವುದನ್ನು ಕಲಿತರು. ಕೆಲವರು ಬರುವುದನ್ನೇ ಬಿಟ್ಟರು. ಪ್ರಸಂಗ ನಡೆಯುವಾಗ ಮುಂದಿನ ಸಾಲುಗಳಿಂದ 'ಓಹ್' ಎಂಬ ಸದ್ದು ಕೇಳುತ್ತಿತ್ತು, ನಮಗೆ ಕಾಣುತ್ತಿದ್ದದ್ದು ಕಂಬದ ಸುಣ್ಣ. ಗೋಡೆಯ ಮೇಲಿನ ಯೇಸು ಈಗ ಬಹಳ ಬೆಳ್ಳಗಾಗಿದ್ದಾನೆ, ಕ್ಯಾಲೆಂಡರಿನಲ್ಲಿ ಇರುವ ಹಾಗೇ ಇದ್ದಾನೆ ಎಂದು ನೋಡಿದವರು ಹೇಳುತ್ತಿದ್ದರು.

ಆ ಒಂದು ಗಳಿಗೆಯ ನಗುವನ್ನು ನಾನು ಒಂದಷ್ಟು ಕಾಲ ಇಟ್ಟುಕೊಂಡಿದ್ದೆ. ಆಮೇಲೆ ಅದೂ ಜಾರತೊಡಗಿತು. ಅಂಗೈ ಇಳಿದದ್ದು ನೆನಪಿದೆ, ಅದರ ಹಿಂದೆ ಕಂಡದ್ದು ಏನು ಎಂದು ನೋಡಹೋದರೆ ಪೋಸ್ಟರು. ತಡೆಯಲಾರದೆ ಒಂದು ಬೆಳಗ್ಗೆ ಅಯ್ಯನವರ ಮನೆಗೆ ಹೋದೆ. ಅವರ ಹೆಂಡತಿ ಅಮ್ಮನವರು ಒಳಗೆ ಕರೆದು ಕುರ್ಚಿ ಕೊಟ್ಟು ಕಾಫಿ ತಂದರು. ಅಯ್ಯನವರು ಗಿಟಾರಿನ ತಂತಿ ಬಿಗಿಯುತ್ತಿದ್ದವರು ಅದನ್ನು ಗೋಡೆಗೆ ಒರಗಿಸಿದರು.

"ಸ್ತೋತ್ರ ಅಯ್ಯ," ಎಂದು ಕೈ ಮುಗಿದೆ. "ನನಗೆ ಬೆಂಚಿನ ಮಾತು ಬೇಡ. ಒಂದು ಭಾನುವಾರ ತಿಮ್ಮನ ಹೆಸರು ಹೇಳಿ."

"ಅಕ್ಕ, ನನಗೆ ಮನಸ್ಸಿಲ್ಲ ಅಂದ್ಕೊಂಡಿದೀರಾ?" ಎಂದರು. ಅವರ ಮುಖ ಬಾಡಿತ್ತು. "ಸಿನಿಮಾನ ಚರ್ಚೊಳಗೆ ಕರ್ಕೊಂಡು ಬಂದವನೇ ನಾನು. ಹುಡುಗರ ಮನಸ್ಸಲ್ಲಿ ಇರೋದನ್ನ ಹಿಡ್ಕೊಂಡು ಸ್ವಾಮಿ ಹತ್ರ ಕರ್ಕೊಂಡು ಹೋಗೋಣ ಅಂತ. ಅದು ತಪ್ಪು ಅಂತ ಈಗಲೂ ಅನ್ಸಲ್ಲ. ಆದ್ರೆ ಕಮಿಟಿ…"

"ಸಿನಿಮಾ ಒಳಗೆ ಬರಬೌದು. ಸಿನಿಮಾದಿಂದ ಸತ್ತೋನು ಬರಬಾರದು. ಹಂಗಾ ಅಯ್ಯ?"

ಅವರು ಕಾಫಿ ಲೋಟವನ್ನು ನನ್ನ ಕಡೆಗೆ ಸರಿಸಿದರು. "ಸ್ವಲ್ಪ ಟೈಮ್ ಕೊಡಿ ಅಕ್ಕ. ಮೇಷ್ಟ್ರು ಕೆಟ್ಟೋರಲ್ಲ. ಮೆಲ್ಲಗೆ ಒಪ್ಪಿಸ್ತೀನಿ."

"ಟೈಮ್ ಇಲ್ಲ ಅಯ್ಯ. ನಾನು ಮರೀತಾ ಇದೀನಿ," ಎಂದೆ. "ನಿನ್ನೆ ಅವನ ಕೊರಳು ಹೆಂಗಿತ್ತು ಅಂತ ನೆನಪು ಮಾಡ್ಕೊಂಡೆ, ಸಿಗಲಿಲ್ಲ. ಮುಂದಿನ ವಾರ ಇನ್ನೇನು ಹೋಗ್ತದೋ. ನೀವು ಒಪ್ಪಿಸೋ ಹೊತ್ತಿಗೆ ನನ್ನ ಹತ್ರ ವಜ್ರಕಾಂತ ಬುಟ್ರೆ ಯಾರೂ ಉಳಿದಿರಾಕಿಲ್ಲ."

ಬಾಗಿಲ ಬಳಿ ನಿಂತಿದ್ದ ಅಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡು, "ಚರ್ಚು ನೋಡೋಕೆ ಬಿಷಪರು ಬರ್ತಾರಲ್ಲ, ಆವತ್ತು ಹೇಳಿಬಿಡಿ," ಎಂದರು ಗಂಡನಿಗೆ. ಬಿಷಪರ ಮುಂದೆ ಬೆಂಚುಗಳನ್ನು ಕಂಬದ ಹಿಂದೆ ಇಡಲು ಕಮಿಟಿಗೂ ಧೈರ್ಯವಿರಲಾರದು. ಅಯ್ಯನವರು, "ಆಯ್ತು. ಆವತ್ತು ಹೆಸರು ಹೇಳ್ತೀನಿ. ಮಾತು ಕೊಟ್ಟೆ," ಎಂದರು.

ಕೇರಿಗೆ ಸುದ್ದಿ ಹಬ್ಬಿತು. ಬಿಷಪರು ಬರುವ ಹಿಂದಿನ ಸಂಜೆ ಕೇರಿಯವರೆಲ್ಲ ನನ್ನ ಜಗಲಿಯ ಮೇಲೆ ಸೇರಿದರು. ನಾನು ಮಾರಲು ಹೋಗಲಿಲ್ಲ. ಬೇಯಿಸಿದ್ದನ್ನೆಲ್ಲ ಅವರ ಮಡಿಲಿಗೇ ಹಾಕಿದೆ. ಸಿಪ್ಪೆ ಸುಲಿಯುತ್ತ ಎಲ್ಲರೂ ತಿಮ್ಮನನ್ನು ಹುಡುಕತೊಡಗಿದರು.

"ಗುಳಿ ಬೀಳ್ತಿತ್ತು ಎಡಗೆನ್ನೇಲಿ," ಎಂದಳು ಎಸ್ತೇರಜ್ಜಿ.

"ಬಲಗೆನ್ನೆ ಕಣಜ್ಜಿ," ಎಂದ ಅವನ ಜೊತೆ ಟೈಲ್ಸ್ ಹಾಕುತ್ತಿದ್ದವನು. "ನನಗೆ ಬೈಯುವಾಗ ಬೀಳ್ತಿತ್ತಲ್ಲ, ನೋಡಿಲ್ವಾ ನಾನು?"

"ನಿಂಗೆ ಎದುರಿಗೆ ನಿಂತು ಬೈತಿದ್ದ. ನಿಂಗೆ ಬಲ ಅಂದ್ರೆ ಅವನಿಗೆ ಎಡ. ಸಿಮೆಂಟು ಮಂಡೆ!"

ನಗುವಿನ ನಡುವೆ ಒಂದೊಂದೇ ಬಂದು ಸೇರಿತು. ಬಿಸಿಲಿಗೆ ಬಂದರೆ ಒಂದು ಕಣ್ಣು ಮಾತ್ರ ಕಿರಿದಾಗುತ್ತಿದ್ದದ್ದು. ಮೇಲ್ದುಟಿಯ ಮೇಲೆ ಎಳ್ಳುಕಾಳಿನಷ್ಟು ಮಚ್ಚೆ. ಮೇಕಪ್ಪಿನವರು ಅದನ್ನು ಮುಚ್ಚಿಬಿಡುತ್ತಿದ್ದರು. ಗಂಟಲಮಣಿ ಹಾಡುವಾಗ ಮೇಲೆ ಕೆಳಗೆ ಓಡುತ್ತಿದ್ದದ್ದು. ನನಗೆ 'ಆ ಹೌದು' ಎನ್ನಿಸಿದರೂ ಯಾವುದೂ ನನ್ನೊಳಗೆ ಒಂದಕ್ಕೊಂದು ಅಂಟಿಕೊಳ್ಳಲಿಲ್ಲ. ಅಂಟಿಸುವುದು ಗೋಡೆಯ ಕೆಲಸ, ನಾಳೆ ಅಂಟುತ್ತದೆ ಎಂದುಕೊಂಡೆ. ಅಂದು ಮದುವೆಯ ಮನೆಯ ಹಾಗೆ ಇತ್ತು ನನ್ನ ಮನೆ.

ಭಾನುವಾರ ಚರ್ಚಿಗೆ ಬಂದರೆ ಬೆಂಚುಗಳು ಹಳೆಯ ಜಾಗದಲ್ಲಿದ್ದವು. ಗೋಡೆ ಪೂರ್ತಿ ಎದುರಿಗೆ. ಎಷ್ಟು ಅಗಲ ಅದು, ಮರೆತೇ ಹೋಗಿತ್ತು. ಬಿಷಪರು ಬಲಿಪೀಠದ ಪಕ್ಕದ ದೊಡ್ಡ ಕುರ್ಚಿಯಲ್ಲಿ ಕೂತು ಗೋಡೆಯ ಕಡೆಗೇ ಕತ್ತು ತಿರುಗಿಸಿದ್ದರು. ನಮ್ಮ ಗೋಡೆಯ ಕೀರ್ತಿ ಅವರಿಗೂ ಮುಟ್ಟಿತ್ತು. ಕೀರ್ತನೆ ಮುಗಿದು ಕಾಣಿಕೆ ಎತ್ತುವಾಗ ಪರಂಜ್ಯೋತಿ ಮೇಷ್ಟ್ರು ನಮ್ಮ ಸಾಲಿಗೆ ಬಂದು ಬಗ್ಗಿದರು. ಅವರ ದನಿ ಮೆತ್ತಗಿತ್ತು, ಮೆತ್ತಗಿದ್ದದ್ದಕ್ಕೇ ನನಗೆ ಹೆದರಿಕೆಯಾಯಿತು.

"ನೋಡಿ, ಅಯ್ಯನವರಿಗೆ ಕೊಟ್ಟ ಮಾತು ಉಳಿಸಿಕೊಂಡಿದೀವಿ. ಬೆಂಚು ಮುಂದೆ ಹಾಕಿದೀವಿ. ಸಲೋಮಿ, ನಿನ್ನ ತಮ್ಮನ ಹೆಸರನ್ನೂ ಹೇಳ್ತಾರೆ. ಒಂದೇ ಒಂದು ಮಾತು. ಪ್ರಸಂಗ ಶುರುವಾದಾಗಿಂದ ಮುಗಿಯೋ ತನಕ ಕೇರಿಯವರೆಲ್ಲ ಕಣ್ಣು ಮುಚ್ಚಿಕೊಂಡಿರಬೇಕು. ಪ್ರಾರ್ಥನೆ ಥರ. ಬಿಷಪರಿಗೂ ಭಕ್ತಿಯಾಗೇ ಕಾಣುತ್ತೆ."

"ಕಣ್ಣು ಮುಚ್ಚಿದ್ರೆ ಅವನ ಮುಖ ಯಾರು ತರ್ತಾರೆ ಮೇಷ್ಟ್ರೇ?" ಎಂದೆ.

"ನಾವಿಲ್ವೇನಮ್ಮ? ನಮಗೂ ಅವನು ಗೊತ್ತಿದ್ದವನೇ. ನಾವು ನೆನೆಸ್ಕೋತೀವಿ. ಚೆನ್ನಾಗಿಯೇ ನೆನೆಸ್ಕೋತೀವಿ." ಅವರು ನಿಜವಾಗಿಯೂ ದೊಡ್ಡ ಮನಸ್ಸು ಮಾಡಿದವರ ಹಾಗೆ ನನ್ನನ್ನು ನೋಡಿದರು. ಅವರ ಕಣ್ಣಿನಲ್ಲಿ ನನಗೆ ಬಿಳಿ ಕೋಟು ಕಾಣಿಸಿತು. ಮುಖ ಕಾಣುವ ಭಾನುವಾರ ನಡೆಯುತ್ತದೆ, ಹೆಸರು ನನ್ನ ತಮ್ಮನದಾಗಿರುತ್ತದೆ, ಗೋಡೆಯ ಮೇಲೆ ವಜ್ರಕಾಂತ ನಿಂತಿರುತ್ತಾನೆ, ನಾವು ಕಣ್ಣು ಮುಚ್ಚಿಕೊಂಡು ಅವನಿಗೆ ಆಮೆನ್ ಎನ್ನಬೇಕು. ಸತ್ತವರಿಗೆ ಮುಖ ಕಾಣುವ ಭಾನುವಾರ ಒಂದೇ, ಎರಡನೆಯದು ಕೊಡುವ ಪದ್ಧತಿ ನಮ್ಮಲ್ಲಿ ಇಲ್ಲ.

ಅಯ್ಯನವರು ಪ್ರಸಂಗಪೀಠ ಹತ್ತಿದರು. ನಮ್ಮ ಸಾಲಿನಲ್ಲಿ ಒಬ್ಬೊಬ್ಬರೇ ಕಣ್ಣು ಮುಚ್ಚಿದರು. ಟೈಲ್ಸ್ ಹಾಕುವವನು ಮುಚ್ಚಿದ. ಚರ್ಚಿನ ಹೊಸ ನೆಲದ ಕೆಲಸ ಅವನ ಕೈಯಲ್ಲಿತ್ತು. ಎಸ್ತೇರಜ್ಜಿ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟು, "ಮೊಮ್ಮಗಳಿಗೆ ಮಿಷನ್ ಸ್ಕೂಲ್ ಸೀಟು ಕೊಡಬೇಕು ಕಣವ್ವ ಅವರು," ಎಂದು ಪಿಸುಗುಟ್ಟಿ ಮುಚ್ಚಿದಳು. ರೆಪ್ಪೆಯ ಕೆಳಗಿಂದ ನೀರು ಇಳಿಯುತ್ತಿತ್ತು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರು ಮುಚ್ಚಿದ ಒಂದೊಂದು ಕಣ್ಣಿನೊಂದಿಗೆ ತಿಮ್ಮನ ಗುಳಿ ಹೋಯಿತು, ಮಚ್ಚೆ ಹೋಯಿತು, ಕಿರಿದಾಗುವ ಕಣ್ಣು ಹೋಯಿತು. ಉಳಿದವಳು ನಾನೊಬ್ಬಳು, ಅರ್ಧ ಮುಖವೂ ಕೈಯಲ್ಲಿ ಇಲ್ಲದವಳು. ಕಣ್ಣು ತೆರೆದುಕೊಂಡಿದ್ದರೆ ಗೋಡೆಯ ಮೇಲೆ ಏನು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನನ್ನ ತಲೆಯಿಂದಲೇ ವಜ್ರಕಾಂತ ಇಳಿದು ಬಂದರೆ ಆಮೇಲೆ ನನಗೆ ತಮ್ಮನಿಲ್ಲ.

ಅಯ್ಯನವರು ಪ್ರಸಂಗ ಶುರು ಮಾಡದೆ ನಮ್ಮ ಸಾಲಿನ ಕಡೆ ನೋಡಿದರು. ಸಭೆಯೂ ತಿರುಗಿತು. ಮೇಷ್ಟ್ರು ಮತ್ತೆ ಬಂದು ನನ್ನ ಬೆಂಚಿನ ತುದಿ ಹಿಡಿದು ನಿಂತರು. "ಎಲ್ಲರೂ ಮುಚ್ಚಿದಾರೆ. ನಿನ್ನೊಬ್ಬಳಿಂದ ಬಿಷಪರು ಕಾಯಬೇಕಾ? ಕಣ್ಣು ಮುಚ್ಚು ಸಲೋಮಿ."

"ಮುಚ್ಚಲ್ಲ ಮೇಷ್ಟ್ರೇ."

"ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಮುಚ್ಚು."

ಪೀಠದ ಮೇಲಿನಿಂದ ಅಯ್ಯನವರು ಎದೆಯ ಮೇಲೆ ಕೈ ಇಟ್ಟು, ತಮ್ಮ ಕಣ್ಣನ್ನು ಒಮ್ಮೆ ಮುಚ್ಚಿ ತೆರೆದು, ಹೀಗೆ ಮಾಡಿ ಅಕ್ಕ ಎಂದು ಬೇಡುವವರಂತೆ ತೋರಿಸಿದರು. ನಾನು ಎದ್ದು ನಿಂತೆ. ಮನೆಯವರು ಎದ್ದು ನಿಂತೇ ನೋಡಬೇಕು.

"ಇಲ್ಲ ಅಯ್ಯ," ಎಂದೆ. "ನೀವು ಹೆಸರು ಹೇಳಿ. ನಾನು ನೋಡ್ತೀನಿ."